ಹನ್ನೊಂದು ಜೆರ್ಸಿ ಮತ್ತು ನಮ್ಮೂರ ಗದ್ದೆ

ನನ್ನನ್ನು ತಂಡದಿಂದ ಕೈಬಿಟ್ಟವರು ಬಹಳ ಜನ. ಮುಂಬಯಿಯಲ್ಲಿ ಒಬ್ಬ ಕೋಚ್ ನಾನು ಬಸ್ಸು ಹತ್ತಿ ಕೂತ ಮೇಲೆ ಇಳಿಸಿದ್ದಾನೆ. ಕೋಲ್ಕತ್ತದಲ್ಲಿ ಒಬ್ಬ ಮ್ಯಾನೇಜರ್ ನನ್ನ ಬೆನ್ನು ಸವರುತ್ತಲೇ ನನ್ನ ನಂಬರಿನ ಜೆರ್ಸಿಯನ್ನು ಇನ್ನೊಬ್ಬನ ಕೈಗೆ ಕೊಟ್ಟಿದ್ದಾನೆ. ಲುಧಿಯಾನದವರು ವಾಟ್ಸಾಪಿನಲ್ಲಿ ಕೈಮುಗಿದ ಚಿತ್ರವೊಂದನ್ನು ಕಳಿಸಿ ಮಾತು ಮುಗಿಸಿದರು. ಅದಕ್ಕೆಲ್ಲ ನಾನು ತಲೆ ಕೆಡಿಸಿಕೊಂಡವನಲ್ಲ. ಹದಿನೆಂಟು ವರ್ಷ ಫುಟ್‌ಬಾಲ್ ಆಡಿಯೇ ಹೊಟ್ಟೆ ಹೊರೆದವನು ನಾನು, ಚೆಂಡನ್ನು ಗೋಲಿಗೆ ಹಾಕುವುದೇ ಕೆಲಸವಾದ ಸ್ಟ್ರೈಕರ್. ಕೈಬಿಡುವುದು, ಕರೆಯುವುದು ಆ ಕೆಲಸದ ಭಾಗ. ಆದರೆ ಕಳೆದ ಜನವರಿಯಲ್ಲಿ ನಮ್ಮೂರ ಭಜನಾ ಮಂದಿರದ ಜಗಲಿಯಲ್ಲಿ ನನ್ನ ಆಧಾರ್ ಕಾರ್ಡಿನ ಝೆರಾಕ್ಸ್ ಹಿಡಿದು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, "ನಿಂಗೆ ಆಡೂಕೆ ಆಗೂದಿಲ್ಲ" ಎಂದವನು ನನ್ನ ಒಡಹುಟ್ಟಿದ ಅಣ್ಣ. ಅದನ್ನು ಮಾತ್ರ ನನಗೆ ನುಂಗಲು ಆಗಲಿಲ್ಲ.

ನಮ್ಮೂರು ಅಂಕೋಲೆಯಿಂದ ಬೇಲೆಕೇರಿಗೆ ಹೋಗುವ ದಾರಿಯಲ್ಲಿ ಬರುತ್ತದೆ. ಒಂದು ಕಾಲಕ್ಕೆ ಅದಿರಿನ ಲಾರಿಗಳ ಕೆಂಪು ಧೂಳು ನಮ್ಮ ಊಟದ ಬಟ್ಟಲಿಗೂ ಬಂದು ಕೂರುತ್ತಿತ್ತು. ಈಗ ಮೀನಿನ ಗಾಡಿಗಳಷ್ಟೇ ಓಡಾಡುತ್ತವೆ. ಭತ್ತ ಕೊಯ್ದ ಮೇಲೆ ಶೇಂಗಾ ಹಾಕುವವರು ಹಾಕುತ್ತಾರೆ, ಊರ ಬದಿಯ ಎರಡು ಗದ್ದೆಗಳನ್ನು ಮಾತ್ರ ಫುಟ್‌ಬಾಲಿಗೆ ಬಿಡುತ್ತಾರೆ. ಎರಡರ ನಡುವಿನ ಹಾಳಿಯನ್ನು, ಅಂದರೆ ಬದುವನ್ನು, ಗುದ್ದಲಿಯಿಂದ ಕಡಿದು ತೆಗೆಯುತ್ತಾರೆ. ಆದರೂ ಒಂದು ಗದ್ದೆ ಇನ್ನೊಂದಕ್ಕಿಂತ ನಾಲ್ಕು ಬೆರಳು ಎತ್ತರವಾಗಿಯೇ ಉಳಿಯುತ್ತದೆ. ಹಾಗಾಗಿ ನಮ್ಮ ಮೈದಾನದ ಮಧ್ಯದ ಗೆರೆ ಎಂದರೆ ಒಂದು ಸಣ್ಣ ಮೆಟ್ಟಿಲು. ಗೊತ್ತಿಲ್ಲದೆ ಓಡಿ ಬಂದ ಪರವೂರಿನವರು ಅಲ್ಲಿ ಮುಗ್ಗರಿಸಿ ಬೀಳುವುದನ್ನು ನೋಡಲೆಂದೇ ನಮ್ಮೂರ ಹೆಂಗಸರು ಆ ಗೆರೆಯ ನೇರಕ್ಕೆ ಚಾಪೆ ಹಾಸಿ ಕೂರುತ್ತಾರೆ. ಕೊಯ್ದುಳಿದ ಭತ್ತದ ಕೂಳೆ ಪಾದಕ್ಕೆ ಚುಚ್ಚುತ್ತದೆ, ಆದರೂ ಎಲ್ಲರೂ ಬರಿಗಾಲಲ್ಲೇ ಆಡಬೇಕು.

ಆ ಗದ್ದೆಯಲ್ಲಿ ನಮ್ಮೂರ ನೀಲಿ ಜೆರ್ಸಿ ಹಾಕಿ ಒಂದು ಪಂದ್ಯ ಆಡಬೇಕು. ನನಗೆ ಬೇಕಾಗಿದ್ದದ್ದು ಇಷ್ಟೇ. ಹನ್ನೊಂದು ತಂಡಗಳ ಜೆರ್ಸಿ ಹಾಕಿದ ನಾನು ನನ್ನ ಊರಿನದನ್ನು ಒಮ್ಮೆಯೂ ಹಾಕಿರಲಿಲ್ಲ. ಸಣ್ಣವನಿದ್ದಾಗ ದೊಡ್ಡವರ ತಂಡದಲ್ಲಿ ಜಾಗವಿರಲಿಲ್ಲ. ಹದಿನೆಂಟಕ್ಕೆ ಗೋವಾ ಸೇರಿದೆ. ಆಮೇಲೆ ಊರಲ್ಲಿ ಟೂರ್ನಮೆಂಟ್ ನಡೆಯುವಾಗೆಲ್ಲ ನಾನು ಬೇರೆ ಯಾರದೋ ಮೈದಾನದಲ್ಲಿರುತ್ತಿದ್ದೆ. ಈಗ ಮೂವತ್ತಾರು ತುಂಬಿತ್ತು, ಬಲ ಮಂಡಿ ಸವೆದಿತ್ತು. ಕಾರವಾರದ ಡಾಕ್ಟರು ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ, ಈ ವರ್ಷ ಹೇಗೋ ಆದೀತು, ಮುಂದಿನ ವರ್ಷ ಮೆಟ್ಟಿಲು ಹತ್ತಿದರೆ ಸಾಕು ಎಂದಿದ್ದರು. ಆಡಿದರೆ ಈ ಸಲ ಆಡಬೇಕು, ಇಲ್ಲದಿದ್ದರೆ ಇಲ್ಲವೇ ಇಲ್ಲ.

"ಕಾರ್ಡಲ್ಲಿ ವಾಸ್ಕೋ ಅದೆ," ಎಂದು ಅಣ್ಣ ಕಾಗದವನ್ನು ನನ್ನ ಕಡೆ ತಿರುಗಿಸಿದ.

"ನಾ ಎಲ್ಲಿ ಹುಟ್ಟಿದವ ಹೇಳಿ ನಿಂಗೆ ಗೊತ್ತಿಲ್ವಾ?"

"ನಂಗೆ ಗೊತ್ತದೆ. ಕಮಿಟಿಗೆ ಗೊತ್ತಿಲ್ಲ."

"ಕಮಿಟಿ ಅಂದ್ರೆ ಯಾರು?"

"ಅಧ್ಯಕ್ಷ ನಾನೇ," ಎಂದ ಅಣ್ಣ, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡದೆ. "ಹುಟ್ಟಿದ್ದು ಕೇಳೂದಿಲ್ಲ ತಮಾ. ದೀಪಾವಳಿಗಿಂತ ಮೊದಲಿಂದ ಊರಿನ ವಿಳಾಸ ಇದ್ದವ್ರು ಮಾತ್ರ ಆಡೂದು. ಎಲ್ಲಾರಿಗೂ ಒಂದೇ."

ಪಕ್ಕದಲ್ಲಿ ಕಮಿಟಿಯ ಇನ್ನೊಬ್ಬ ಸದಸ್ಯರು ಕೂತಿದ್ದರು. ನಮಗಿಬ್ಬರಿಗೂ ಅಕ್ಷರ ಕಲಿಸಿದ, ಈಗ ನಿವೃತ್ತರಾಗಿರುವ ಮಾಸ್ತರರು. ಅವರು ನನ್ನ ಮುಖ ನೋಡಲಾಗದೆ ತಿರುಗದ ಫ್ಯಾನನ್ನು ನೋಡುತ್ತಿದ್ದರು.

ವಾಸ್ಕೋ ವಿಳಾಸ ಬಂದದ್ದು ಗ್ಯಾಸ್ ಸಿಲಿಂಡರಿನಿಂದ. ಗೋವಾದಲ್ಲಿ ರೂಮು ಮಾಡಿದ ಹೊಸತರಲ್ಲಿ, ಗ್ಯಾಸ್ ಬೇಕಾದರೆ ಅಲ್ಲಿನ ವಿಳಾಸ ಬೇಕು ಎಂದು ಯಾರೋ ಹೇಳಿದರು, ಮಾಡಿಸಿಬಿಟ್ಟೆ. ಕಾರವಾರ ಅಂಕೋಲೆ ಕಡೆಯಿಂದ ಗೋವಾಕ್ಕೆ ದುಡಿಯಲು ಹೋದ ಎಷ್ಟೋ ಮಂದಿ ಮಾಡುವುದು ಇದನ್ನೇ. ವಾರಕ್ಕೊಮ್ಮೆ ರೈಲು ಹತ್ತಿ ಊರಿಗೆ ಬಂದು ಮೀನುಸಾರು ಉಂಡು ಹೋಗುತ್ತಾರೆ, ಕಾಗದದಲ್ಲಿ ಮಾತ್ರ ಗೋವಾದವರಾಗಿರುತ್ತಾರೆ. ಮದುವೆಯ ಹೊತ್ತಿಗೋ ಜಮೀನು ಪಾಲಾಗುವ ಹೊತ್ತಿಗೋ ನೆನಪಾಗಿ ಓಡಿಬಂದು ವಾಪಸು ಮಾಡಿಸಿಕೊಳ್ಳುತ್ತಾರೆ. ನನಗೆ ಮದುವೆಯೂ ಆಗಲಿಲ್ಲ, ಜಮೀನು ಪಾಲೂ ಆಗಲಿಲ್ಲ. ಹಾಗಾಗಿ ಕಾರ್ಡಿನಲ್ಲಿ ವಾಸ್ಕೋದವನಾಗಿಯೇ ಉಳಿದೆ.

ಇಷ್ಟಾದರೆ ನಿಯಮವನ್ನು ಬೈದು ಸುಮ್ಮನಾಗಬಹುದಿತ್ತು. ತೊಂದರೆಯೆಂದರೆ ಆ ನಿಯಮ ಹುಟ್ಟಿದ್ದೇ ನನ್ನಿಂದ.

ಹದಿನಾರು ವರ್ಷದ ಹಿಂದಿನ ಮಾತು. ನನಗಾಗ ಇಪ್ಪತ್ತು. ಗೋವಾದಿಂದ ನಾಲ್ಕು ದಿನ ರಜೆ ಹಾಕಿ ಊರಿಗೆ ಬಂದಿದ್ದೆ. ಅದೇ ಹೊತ್ತಿಗೆ ನಮ್ಮೂರ ತಂಡ ಫೈನಲ್ ತಲುಪಿತ್ತು. ಅಣ್ಣ ಗೋಲ್‌ಕೀಪರ್, ಕ್ಯಾಪ್ಟನ್ನೂ ಅವನೇ. ನಾನು ಮನೆಗೆ ಬಂದು ಚೀಲ ಇಡುವ ಮೊದಲೇ, "ನಾಳೆ ನಾ ಆಡ್ತೆ," ಎಂದೆ. ಅವನು ಕೈ ತೊಳೆಯುತ್ತಿದ್ದವನು ತಿರುಗಿಯೂ ನೋಡದೆ, "ಮೂರು ಮ್ಯಾಚ್ ಆಡಿ ಗೆಲ್ಸಿದವ್ನ ಕೂರ್ಸಿ ನಿನ್ನ ಹಾಕೂಕೆ ಆಗೂದಿಲ್ಲ. ಮುಂದಿನ ವರ್ಷ ಮೊದಲಿಂದ ಬಾ," ಎಂದ. ಈಗ ಯೋಚಿಸಿದರೆ ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಆಗ ಗೋವಾದ ಕ್ಲಬ್ಬೊಂದು ಕರೆದು ಸೇರಿಸಿಕೊಂಡ ಹುಡುಗ ನಾನು. ನನ್ನ ತಲೆ ನೆಲದ ಮೇಲಿರಲಿಲ್ಲ.

ಮರುದಿನ ಗದ್ದೆಯ ಬದಿಯಲ್ಲಿ ಮುಖ ಊದಿಸಿಕೊಂಡು ಕೂತಿದ್ದೆ. ಎದುರಾಳಿ ತಂಡ ಮಲ್ಲಾಪುರದ ಅಣುಸ್ಥಾವರದ ಕ್ವಾರ್ಟರ್ಸಿನದು. ಅವರ ಒಬ್ಬ ಆಟಗಾರ ಬರುವಾಗಲೇ ಕಾಲು ಉಳುಕಿಸಿಕೊಂಡಿದ್ದ. ಆಗೆಲ್ಲ ಗೆಸ್ಟ್ ಪ್ಲೇಯರ್ ಎಂದು ಹೊರಗಿನ ಇಬ್ಬರನ್ನು ಆಡಿಸುವ ಪದ್ಧತಿಯಿತ್ತು. ಮಲ್ಲಾಪುರದವರಲ್ಲೊಬ್ಬರು ಬಂದು ನಮ್ಮ ಕಡೆ ಆಡುತ್ತೀರಾ ಎಂದು ಕೇಳಿದರು. ನಾನು ಎದ್ದು ನಿಂತೆ. ಅವರ ಹಳದಿ ಜೆರ್ಸಿಯನ್ನು ತಲೆಯ ಮೇಲಿಂದ ಎಳೆದುಕೊಳ್ಳುವಾಗ ನಮ್ಮೂರ ಕಡೆಯಿಂದ ಯಾರೋ ಉಗಿದ ಸದ್ದು ಕೇಳಿಸಿತು.

ಎರಡು ಗೋಲು ಹೊಡೆದೆ, ನಮ್ಮೂರು ಸೋತಿತು. ಮೊದಲನೆಯದನ್ನು ಯಾರಾದರೂ ಹೊಡೆಯುತ್ತಿದ್ದರು. ಎರಡನೆಯದು ನನ್ನದು. ಚೆಂಡು ಬಂದಾಗ ಗೋಲಿಗೆ ಬೆನ್ನು ಮಾಡಿ ನಿಂತಿದ್ದೆ, ಒಂದೇ ತಿರುವಿಗೆ ಇಬ್ಬರು ಹಿಂದೆ ಉಳಿದರು, ಮುಂದೆ ಅಣ್ಣ ಒಬ್ಬನೇ. ಎಡಕ್ಕೂ ಜಾಗವಿತ್ತು, ಬಲಕ್ಕೂ ಜಾಗವಿತ್ತು. ನಾನು ಅವನ ಎರಡು ಕಾಲುಗಳ ನಡುವಿನಿಂದ ಹಾಕಿದೆ. ಬೇಕೆಂದೇ ಹಾಕಿದೆ. ಅದೊಂದು ಸ್ಟ್ರೈಕರನ ಬೈಗುಳ, ಬಾಯಿಯಿಂದ ಬೈದರೆ ಮರೆತುಬಿಡಬಹುದು, ಇದನ್ನು ಯಾವ ಕೀಪರನೂ ಮರೆಯುವುದಿಲ್ಲ. ಮುಂದೆ ಎಷ್ಟೋ ವರ್ಷ ಅಂಕೋಲೆ ಸಂತೆಯಲ್ಲಿ ಅಣ್ಣನನ್ನು ಕಂಡವರು ಕಾಲು ಅಗಲ ಮಾಡಿ ನಿಂತು ನಗುತ್ತಿದ್ದರಂತೆ. ಆ ಸಂಜೆ ಇಬ್ಬರೂ ಒಂದೇ ಮನೆಗೆ ಬೇರೆ ಬೇರೆ ದಾರಿಯಿಂದ ಬಂದೆವು. ಮುಂದಿನ ವರ್ಷ ಕಮಿಟಿ ಗೆಸ್ಟ್ ಪ್ಲೇಯರ್ ಪದ್ಧತಿಯನ್ನೇ ತೆಗೆದುಹಾಕಿ ಊರಿನ ರೇಷನ್ ಕಾರ್ಡಿದ್ದವರು ಮಾತ್ರ ಎಂದು ಬರೆಯಿತು. ರೇಷನ್ ಕಾರ್ಡು ಹೋಗಿ ಆಧಾರ್ ಬಂತು, ನಿಯಮ ಹಾಗೆಯೇ ಉಳಿಯಿತು. ಅಣ್ಣ ಆಮೇಲೆ ನನ್ನೊಡನೆ ಮಳೆ, ಗೊಬ್ಬರ, ನಮ್ಮ ತಾಯಿ ಅವ್ವಿಯ ಬಿಪಿ ಎಲ್ಲದರ ಬಗ್ಗೆಯೂ ಮಾತಾಡಿದ್ದಾನೆ. ಫುಟ್‌ಬಾಲಿನ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ನಾನು ತಪ್ಪು ಮಾಡಿದೆನೇ? ಮಾಡಿದೆ. ಆದರೆ ಇಪ್ಪತ್ತರ ತಪ್ಪಿಗೆ ಮೂವತ್ತಾರರಲ್ಲಿ ತಲೆ ತಗ್ಗಿಸಿ ನಿಲ್ಲುವವನು ನಾನಲ್ಲ.

ಮರುದಿನ ಬೆಳಿಗ್ಗೆ ಗಂಜಿ ಉಣ್ಣುವಾಗ ಅವ್ವಿಗೆ ದೂರು ಹೇಳಿದೆ. ಅವಳಿಗೆ ನಾನು ಆಡಿದ ತಂಡಗಳೆಲ್ಲ ಕಂಪನಿಗಳು. ಪ್ರತಿ ಸಲ ಚೀಲ ಹೊತ್ತು ಬಂದಾಗಲೂ, "ಈ ಕಂಪನಿನೂ ಬಿಟ್ಯಾ?" ಎಂದು ಕೇಳುತ್ತಿದ್ದಳು. ನಾನು ತಂದ ಹಳೆಯ ಜೆರ್ಸಿಗಳನ್ನು ಅವಳು ಒಂದೊಂದು ಕೆಲಸಕ್ಕೆ ಹಚ್ಚಿದ್ದಾಳೆ. ಕೋಲ್ಕತ್ತದ್ದು ಶೇಂಗಾ ಗದ್ದೆಯ ಬೆದರುಗೊಂಬೆಯ ಮೈಮೇಲಿದೆ. ಮುಂಬಯಿಯದು ಮಾವಿನ ಮಿಡಿ ಉಪ್ಪಿನಕಾಯಿಯ ಭರಣಿಗೆ ಸುತ್ತಿದೆ. ಶಿಲ್ಲಾಂಗಿನದು ದಪ್ಪವಿದೆಯೆಂದು ಚಳಿಗೆ ಅವಳೇ ಸೀರೆಯ ಮೇಲೆ ಹಾಕಿಕೊಳ್ಳುತ್ತಾಳೆ, ಬೆನ್ನಿನ ಮೇಲೆ ದೊಡ್ಡದಾಗಿ ಒಂಬತ್ತು. ಅಣ್ಣ ಮಾತ್ರ ಔಷಧಿ ಹೊಡೆಯುವಾಗಲೂ ಹರಿದ ಬನಿಯನ್ನೇ ಹಾಕಿದ, ನನ್ನದೊಂದನ್ನೂ ಮುಟ್ಟಲಿಲ್ಲ.

"ಅಂವ ಹೇಳಿದ್ದೂ ಸರಿ," ಎಂದಳು ಅವ್ವಿ, ಸುಟ್ಟ ಬಂಗಡೆಯ ಮುಳ್ಳು ಬಿಡಿಸುತ್ತ. "ನೀ ಒಂದು ಕಡೆ ನಿಂತವ ಅಲ್ಲ."

ಈ ಮಾತನ್ನು ನಾನು ಬಸ್‌ಸ್ಟ್ಯಾಂಡಿನಲ್ಲಿ ಕೇಳಿದ್ದೇನೆ, ಕ್ಷೌರದಂಗಡಿಯಲ್ಲಿ ಕೇಳಿದ್ದೇನೆ, ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ್ದೇನೆ. ಹನ್ನೊಂದು ಕಡೆ ಆಡಿದ, ಎಲ್ಲೂ ನಿಲ್ಲಲಿಲ್ಲ, ಇಂಡಿಯಾ ತಂಡಕ್ಕೂ ಹೋಗಲಿಲ್ಲ. ಹೌದು, ಹೋಗಲಿಲ್ಲ. ಹೇಳುವವರಲ್ಲಿ ಯಾರು ಹೋಗಿದ್ದಾರೆ? ಕೀಪರನ ಕೆಲಸ ನಿಲ್ಲುವುದು. ಸ್ಟ್ರೈಕರ್ ನಿಂತಲ್ಲೇ ನಿಂತರೆ ಅವನಿಗೆ ಚೆಂಡೇ ಬರುವುದಿಲ್ಲ. ಎದುರಾಳಿಯ ಕಣ್ಣು ತಪ್ಪಿಸಿ ಯಾರೂ ಇಲ್ಲದ ಜಾಗಕ್ಕೆ ಓಡಬೇಕು, ಹತ್ತು ಸಲ ಓಡಿದರೆ ಒಂಬತ್ತು ಸಲ ಚೆಂಡು ಬರುವುದಿಲ್ಲ, ಹತ್ತನೆಯ ಸಲವೂ ಅಷ್ಟೇ ಜೋರಾಗಿ ಓಡಬೇಕು. ನಾಲ್ಕು ಪಂದ್ಯ ಗೋಲು ಬರದಿದ್ದರೆ ಅವನ ಜಾಗದಲ್ಲಿ ಇನ್ನೊಬ್ಬ. ಕೀಪರ್ ಹತ್ತು ಚೆಂಡು ಹಿಡಿದು ಒಂದು ಬಿಟ್ಟರೂ ಒಳ್ಳೆಯವನು. ನಮ್ಮ ಲೆಕ್ಕವೇ ಬೇರೆ.

ನಾನು ಎಲ್ಲೆಲ್ಲಿ ಓಡಿಲ್ಲ? ಕೋಲ್ಕತ್ತದ ಮಳೆಗಾಲದ ಲೀಗಿನಲ್ಲಿ ಮೊಣಕಾಲು ಮಟ್ಟದ ಕೆಸರಿನಲ್ಲಿ ಓಡಿದ್ದೇನೆ, ನಮ್ಮೂರ ನಾಟಿ ಗದ್ದೆಯಲ್ಲಿ ಬೆಳೆದವನಿಗೆ ಅದು ಕಷ್ಟವೇ ಅಲ್ಲ. ಶಿಲ್ಲಾಂಗಿನ ಪ್ಲಾಸ್ಟಿಕ್ ಹುಲ್ಲಿನ ಮೇಲೆ ಜಾರಿ ಬಿದ್ದು ತೊಡೆಯ ಚರ್ಮ ಸುಲಿಸಿಕೊಂಡಿದ್ದೇನೆ. ಲುಧಿಯಾನದಲ್ಲಿ ಮಂಜು ಎಷ್ಟಿತ್ತೆಂದರೆ ಗೋಲು ಹೊಡೆದ ಮೇಲೆ ನಮ್ಮದೇ ಕೀಪರನಿಗೆ ಹೋಗಿ ತಿಳಿಸಬೇಕಾಯಿತು. ಮಲಪ್ಪುರಂನಲ್ಲಿ ಅಡಿಕೆ ಮರದ ಕಂಬಗಳ ಗ್ಯಾಲರಿಯಲ್ಲಿ ತುಂಬಿ ತುಳುಕುವ ಜನ ನನ್ನ ಹೆಸರನ್ನು ತಪ್ಪಾಗಿ ಕೂಗಿದ್ದಾರೆ, ಆ ತಪ್ಪು ಹೆಸರೇ ನನಗೆ ಇಷ್ಟವಾಗಿತ್ತು. ಮಾಲ್ಡೀವ್ಸಿನಲ್ಲಿ ಒಂದು ವರ್ಷ ಆಡಿದೆ. ಅಲ್ಲಿ ಚೆಂಡು ಗೋಡೆ ದಾಟಿದರೆ ರಸ್ತೆ, ರಸ್ತೆ ದಾಟಿದರೆ ಸಮುದ್ರ. ಏಳು ಭಾಷೆಗಳಲ್ಲಿ ನನಗೆ ಮೂರೇ ಮಾತು ಬರುತ್ತವೆ: ಕೊಡು, ಬಿಡು, ಹಿಂದೆ ಒಬ್ಬ ಇದ್ದಾನೆ. ಅಷ್ಟರಲ್ಲೇ ನನ್ನ ಬದುಕು ನಡೆದಿದೆ.

ಮತ್ತು ಎಲ್ಲ ಕಡೆಯೂ ನಾನು ಹೊರಗಿನವನೇ. ಗೋವಾದಲ್ಲಿ ಕಾರವಾರದವನು ಎಂದರು, ಕೋಲ್ಕತ್ತದಲ್ಲಿ ಗೋವಾದವನು ಎಂದರು, ಕೇರಳದಲ್ಲಿ ಬೆಂಗಳೂರಿನವನು ಎಂದರು, ಆಗಿನ್ನೂ ನಾನು ಬೆಂಗಳೂರನ್ನು ಬಸ್ಸಿನ ಕಿಟಕಿಯಿಂದ ಮಾತ್ರ ನೋಡಿದ್ದೆ. ಅದರಿಂದ ನನಗೆ ನೋವಾಗಲಿಲ್ಲ. ಹೊರಗಿನವನೆಂದು ಕರೆದವರ ಎದುರಿಗೇ ಗೋಲು ಹೊಡೆದು ತೋರಿಸುವುದು ಒಂದು ಸುಖ. ಆದರೆ ಎಲ್ಲರೂ ಹೊರಗಿನವನು ಎನ್ನುವಾಗ ಒಳಗಿನವನಾಗಿರಲು ಎಲ್ಲೋ ಒಂದು ಜಾಗ ಇದೆ ಎಂದು ನಂಬಿಕೊಂಡಿದ್ದೆ. ಅಣ್ಣ ಆ ಝೆರಾಕ್ಸ್ ತಿರುಗಿಸಿ ತೋರಿಸಿದಾಗ ಆ ಜಾಗವೂ ಕೈತಪ್ಪಿತು. ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಇದನ್ನು ನಾನು ಅವ್ವಿಗೆ ಹೇಳಲಿಲ್ಲ.

ಎರಡು ದಿನ ಬಿಟ್ಟು ಮಾಸ್ತರರು ಮನೆಗೆ ಬಂದರು. ಕಮಿಟಿಯ ಪರವಾಗಿ ಒಂದು ಉಪಾಯ ತಂದಿದ್ದರು.

"ನೀನು ಈ ವರ್ಷದ ಮುಖ್ಯ ಅತಿಥಿ ಆಗ್ಬೇಕು ನೋಡು. ಶಾಲು ಹೊದೆಸ್ತೇವೆ. ಸನ್ಮಾನ ಪತ್ರ ನಾನೇ ಬರೀತೆ."

"ನಂಗೆ ಶಾಲು ಬೇಡ ಮಾಸ್ತರ್ರೇ. ಜೆರ್ಸಿ ಬೇಕು."

"ಅದು ಆಗೂದಿಲ್ಲ ಹೇಳಿ ಆಯ್ತಲ್ಲ. ನಿನ್ನ ಅಣ್ಣ ಒಪ್ಪೂದಿಲ್ಲ."

ಶಾಲು ಹೊದೆಸುವುದೆಂದರೆ ನಿನ್ನ ಆಟ ಮುಗಿಯಿತು ಎಂದು ಗೌರವದಿಂದ ಹೇಳುವ ರೀತಿ. ಬೇಡ ಎಂದು ಹೇಳಿಬಿಡುವವನಿದ್ದೆ. ಅಷ್ಟರಲ್ಲಿ ಕೇಳಿದೆ, "ಮುಖ್ಯ ಅತಿಥಿ ಎಂತ ಎಂತ ಮಾಡ್ಬೇಕು?"

"ಎಂತ ಇಲ್ಲ. ದೀಪ ಹಚ್ಚೂದು, ನಾಲ್ಕು ಮಾತಾಡೂದು, ಮಧ್ಯಕ್ಕೆ ಹೋಗಿ ಚೆಂಡು ಒದ್ದು ಉದ್ಘಾಟನೆ ಮಾಡೂದು."

"ಚೆಂಡು ಒದೆಯೂದಾ?"

"ಹೌದು. ಎಲ್ಲಾ ವರ್ಷ ಹಂಗೇ ಅಲ್ವಾ?"

"ಹಂಗಾದ್ರೆ ಅಡ್ಡಿಲ್ಲ," ಎಂದೆ. ಮಾಸ್ತರರು ಖುಷಿಯಿಂದ ಚಹಾ ಕುಡಿದು ಹೋದರು. ಆಗ ನನ್ನ ತಲೆಯಲ್ಲಿ ಏನೂ ಇರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಇತ್ತು.

ಉದ್ಘಾಟನೆಯ ದಿನ ಮಧ್ಯಾಹ್ನ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಚರ್ಮದ ಚಪ್ಪಲಿ ಮೆಟ್ಟಿ ಹೋದೆ. ಗದ್ದೆಯ ಸುತ್ತ ಜನ ಸೇರಿದ್ದರು. ಮೊದಲ ಪಂದ್ಯ ನಮ್ಮೂರಿಗೂ ಕಾರವಾರದ ಹಬ್ಬುವಾಡದ ತಂಡಕ್ಕೂ. ಅಣ್ಣ ನಲವತ್ತರಲ್ಲೂ ಗೋಲಿನಲ್ಲಿ ನಿಂತಿದ್ದ, ನೀಲಿ ಜೆರ್ಸಿಯೊಳಗೆ ಹೊಟ್ಟೆ ಸ್ವಲ್ಪ ಮುಂದೆ ಬಂದಿತ್ತು. ದೀಪ ಹಚ್ಚಿದೆ. ಶಾಲು ಹೊದೆಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಮಾಸ್ತರರು ಓದಿದ ಸನ್ಮಾನ ಪತ್ರದಲ್ಲಿ ನಾನು ಊರಿನ ಹೆಮ್ಮೆಯ ಪುತ್ರ ಎಂದು ಮೂರು ಸಲ ಬಂತು. ಮೈಕು ನನ್ನ ಕೈಗೆ ಬಂದಾಗ, "ನಾನು ಈ ಊರಿನವನು. ಕಾರ್ಡಿನಲ್ಲಿ ಮಾತ್ರ ವಾಸ್ಕೋದವನು. ಉಳಿದದ್ದನ್ನು ಗದ್ದೆಯಲ್ಲಿ ಹೇಳುತ್ತೇನೆ," ಎಂದು ಹೇಳಿ ಕೊಟ್ಟುಬಿಟ್ಟೆ. ಕೆಲವರು ಚಪ್ಪಾಳೆ ತಟ್ಟಿದರು, ಕೆಲವರು ಅಣ್ಣನ ಕಡೆ ನೋಡಿದರು.

ಉದ್ಘಾಟನೆಯ ಒದೆತ ಹೇಗಿರುತ್ತದೆಂದು ಎಲ್ಲರಿಗೂ ಗೊತ್ತು. ಅತಿಥಿ ಚೆಂಡಿನ ಹಿಂದೆ ನಿಂತು ಫೋಟೋಕ್ಕೆ ನಗುತ್ತಾನೆ, ಪಾದದ ತುದಿಯಿಂದ ಮೆಲ್ಲಗೆ ತಳ್ಳುತ್ತಾನೆ, ಚೆಂಡು ಎರಡು ಮಾರು ಉರುಳುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಅತಿಥಿ ಹೋಗಿ ಕುರ್ಚಿಯಲ್ಲಿ ಕೂರುತ್ತಾನೆ. ನಾನೂ ಮೆಲ್ಲಗೇ ತಳ್ಳಿದೆ. ಆದರೆ ಚೆಂಡಿನ ಹಿಂದೆಯೇ ಹೊರಟೆ. ಎರಡನೆಯ ಸಲ ಮುಟ್ಟಿದೆ, ಮೂರನೆಯ ಸಲ ಮುಟ್ಟಿದೆ, ನೇರ ನಮ್ಮೂರ ಗೋಲಿನ ಕಡೆ, ಅಣ್ಣ ನಿಂತ ಕಡೆ.

ಹಬ್ಬುವಾಡದ ಹುಡುಗರು ಕೇಕೆ ಹಾಕಿದರು. ನಮ್ಮೂರ ಆಟಗಾರರು ಮೊದಲು ಕಕ್ಕಾಬಿಕ್ಕಿಯಾದರು, ಆಮೇಲೆ ನಗತೊಡಗಿದರು. ನಕ್ಕು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅತಿಥಿಯಲ್ಲವೇ, ಆಸೆ ತೀರಿಸಿಕೊಳ್ಳಲಿ. ನನಗೆ ಮೈ ಉರಿದುಹೋಯಿತು. ಹದಿನೆಂಟು ವರ್ಷದಲ್ಲಿ ಯಾರೂ ನನಗೆ ಹೀಗೆ ದಾರಿ ಬಿಟ್ಟು ಅವಮಾನ ಮಾಡಿರಲಿಲ್ಲ. ಒಬ್ಬ ಮಾತ್ರ ನಗಲಿಲ್ಲ. ಅಣ್ಣ ಗೋಲಿನ ಗೆರೆ ಬಿಟ್ಟು ಮುಂದೆ ಬರುತ್ತಿದ್ದ, ಮೊಣಕಾಲು ಬಗ್ಗಿಸಿ, ಎರಡೂ ಕೈ ಅಗಲಿಸಿ, ಕಣ್ಣು ಚೆಂಡಿನ ಮೇಲಿಟ್ಟು. ನಾನು ಹೊಡೆಯಲು ಕಾಲೆತ್ತಿದೆ. ಚಪ್ಪಲಿ ಜಾರಿತು. ಅಷ್ಟರಲ್ಲಿ ಅವನು ನನ್ನ ಕಾಲಿನ ಬುಡಕ್ಕೇ ಹಾರಿ ಬಿದ್ದು ಚೆಂಡನ್ನು ಎದೆಗೆ ಅವಚಿಕೊಂಡಿದ್ದ.

ಜನ ಹೋ ಎಂದರು. ಅಣ್ಣ ಎದ್ದ. ಮೊಣಕೈಯಲ್ಲಿ ಕೂಳೆ ಗೀಚಿ ರಕ್ತ ಬಂದಿತ್ತು. ಏದುಸಿರು ಬಿಡುತ್ತ, ನನಗೊಬ್ಬನಿಗೇ ಕೇಳುವಷ್ಟು ಮಾತಿನಲ್ಲಿ ಹೇಳಿದ, "ಶಾಲು ತೆಗೆ. ಚಪ್ಪಲೂ ತೆಗೆ. ಸರಿಯಾಗಿ ಬಾ."

ಆಮೇಲೆ ತನ್ನ ಹುಡುಗರ ಕಡೆ ತಿರುಗಿ ಗದರಿಸಿದ, "ಹಲ್ಲು ಬಿಟ್ಕೊಂಡು ನಿಂತ್ರೇನೋ? ಇವ್ನ ಹಿಡೀರಿ. ಬಿಟ್ರೆ ನೋಡಿ ಮತ್ತೆ."

ಅವನು ಚೆಂಡನ್ನು ಮಧ್ಯದ ಗೆರೆಗೆ ಎಸೆದ. ರೆಫರಿ ಸೀಟಿ ಬಾಯಿಗಿಟ್ಟುಕೊಂಡೇ ಮಾಸ್ತರರ ಮುಖ ನೋಡಿದ, ಮಾಸ್ತರರು ಅಣ್ಣನ ಮುಖ ನೋಡಿದರು, ಅಣ್ಣ ಗೋಲಿನ ಕಡೆ ನಡೆದ. ನಾನು ಶಾಲನ್ನು ಮಡಚಿ ಗದ್ದೆಯ ಬದಿಯಲ್ಲಿಟ್ಟೆ. ಪ್ಯಾಂಟನ್ನು ಮೊಣಕಾಲಿನವರೆಗೆ ಸುತ್ತಿದೆ. ಬರಿಗಾಲಿಗೆ ಕೂಳೆ ತಾಗಿದಾಗ ಹಾಯ್ ಎನಿಸಿತು, ನೋವಿಗೂ, ಸುಖಕ್ಕೂ.

ಮಧ್ಯದ ಗೆರೆಗೆ ನಡೆದು ಹೋಗುವಾಗ ಒಂದು ಯೋಚನೆ ಬಂತು. ಈ ಸಲ ಗೋಲು ತಪ್ಪಿಸಿಬಿಡಬಹುದು. ಹೊರಗೆ ಹೊಡೆದು, ಅಯ್ಯೋ ಎಂದು ನಕ್ಕು, ಅಣ್ಣನ ಹೆಗಲ ಮೇಲೆ ಕೈ ಹಾಕಬಹುದು. ಹದಿನಾರು ವರ್ಷದ ಹಿಂದಿನದಕ್ಕೆ ಅದೇ ಸಮಾಧಾನವಾದೀತು. ಜನರೂ ಒಳ್ಳೆಯ ತಮ್ಮ ಎಂದಾರು. ಹಾಗೆ ಯೋಚಿಸಿದ್ದಕ್ಕೆ ನನ್ನ ಮೇಲೇ ನನಗೆ ನಾಚಿಕೆಯಾಯಿತು. ಬೇಕೆಂದೇ ತಪ್ಪಿಸುವವನು ಅತಿಥಿ. ಅಣ್ಣ ನನ್ನನ್ನು ಸರಿಯಾಗಿ ಬಾ ಎಂದು ಕರೆದಿದ್ದ. ಅವನಿಗೆ ನಾನು ಕೊಡಬಹುದಾದ ಮರ್ಯಾದೆ ಒಂದೇ, ಕೈಲಾದಷ್ಟು ಗಟ್ಟಿಯಾಗಿ ಹೊಡೆಯುವುದು.

ಹೊರಟೆ. ಮೊದಲನೆಯವನು ಬೇಲೆಕೇರಿಯಲ್ಲಿ ದೋಣಿಗೆ ಹೋಗುವ ಹುಡುಗ, ಗಟ್ಟಿಮುಟ್ಟು ಆಳು, ಹೆಗಲು ಕೊಟ್ಟು ತಳ್ಳಿದ. ತಳ್ಳಲಿ ಎಂದು ಬಿಟ್ಟೆ, ಅವನು ತಳ್ಳಿದ ಬಲದಲ್ಲೇ ತಿರುಗಿ ಮುಂದೆ ಹೋದೆ. ಎರಡನೆಯವನು ನೇರ ಕಾಲಿಗೇ ಬಂದ. ಚೆಂಡನ್ನು ಎಡಗಾಲಿಗೆ ಬದಲಿಸುವಾಗ ಬಲ ಮಂಡಿಯಲ್ಲಿ ಏನೋ ಕಳಕ್ ಎಂದಿತು. ಕಣ್ಣಿಗೆ ಕತ್ತಲೆ ಬಂತು, ನಿಲ್ಲಲಿಲ್ಲ. ಮುಂದೆ ಅಣ್ಣ. ಈ ಸಲವೂ ಗೆರೆ ಬಿಟ್ಟು ಬಂದಿದ್ದ, ಎರಡೂ ಕಾಲುಗಳನ್ನು ಮಾತ್ರ ಒಂದಕ್ಕೊಂದು ಹತ್ತಿರ ಇಟ್ಟುಕೊಂಡಿದ್ದ. ಹದಿನಾರು ವರ್ಷ ಅವನು ಹಾಗೇ ನಿಲ್ಲುತ್ತಿದ್ದನೇನೋ. ಅವನ ಬಲಗೈಯ ಮೇಲಕ್ಕೆ, ಬಿದಿರಿನ ಕಂಬದ ಒಳಗಿನ ಮೂಲೆಗೆ, ಎಡಗಾಲಿನಿಂದ ಹೊಡೆದೆ. ಅಣ್ಣ ಇಡೀ ಮೈಯನ್ನು ಎಸೆದು ಹಾರಿದ. ಬೆರಳ ತುದಿಗೆ ತಾಗಿತು. ತಾಗಿಯೂ ಒಳಗೆ ಹೋಯಿತು.

ನಾನು ಅಲ್ಲೇ ಕುಸಿದು ಕೂತೆ, ಮಂಡಿ ಹಿಡಿದುಕೊಂಡು. ಅಣ್ಣ ಮಕಾಡೆ ಬಿದ್ದಿದ್ದ. ಮಾಸ್ತರರು ಸ್ಕೋರ್ ಬರೆಯುವ ಕರಿಹಲಗೆಯ ಪಕ್ಕದಲ್ಲಿ ನಿಂತಿದ್ದರು. ಬಿಗುವನ್ನು ಸಡಿಲಿಸಲು ಅವರೇ ಮೈಕಿನಲ್ಲಿ ತಮಾಷೆ ಮಾಡಿದರು, "ಅಧ್ಯಕ್ಷರೇ, ಈ ಗೋಲು ಯಾರ ಹೆಸರಲ್ಲಿ ಬರೆಯೂದು? ಹಬ್ಬುವಾಡದ್ದೋ, ವಾಸ್ಕೋದ್ದೋ?"

ಜನ ನಕ್ಕರು. ಅಣ್ಣ ಎದ್ದು ಕೂತು, ಬಾಯೊಳಗೆ ಹೋದ ಮಣ್ಣನ್ನು ಉಗುಳಿ, ಮೈಕು ಬೇಕಾಗದಷ್ಟು ಗಟ್ಟಿಯಾಗಿ ಹೇಳಿದ, "ನಮ್ಮೂರಿಗೆ ಬರೀರಿ ಮಾಸ್ತರ್ರೇ."

"ಹೊಡೆದದ್ದು ನಮ್ಮ ಗೋಲಿಗೇ ಅಲ್ವೋ?"

"ಹೊಡೆದವ ನಮ್ಮವ. ಬರೀರಿ."

ಮಾಸ್ತರರು ಸೀಮೆಸುಣ್ಣ ಕೈಗೆತ್ತಿಕೊಂಡರು. ಆಮೇಲೆ ನಮ್ಮೂರ ಹೆಸರಿನ ಕೆಳಗೆ ದೊಡ್ಡದಾಗಿ ಒಂದು ಎಂದು ಬರೆದರು. ಅಣ್ಣ ನನ್ನ ಬಳಿಗೆ ಬಂದು ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದ. ಅವನ ಭುಜಕ್ಕೆ ಒರಗಿ ಕುಂಟುತ್ತ ಕುರ್ಚಿಯವರೆಗೆ ಬಂದೆ. ಇಬ್ಬರ ಉಸಿರೂ ಇನ್ನೂ ಸರಿಹೋಗಿರಲಿಲ್ಲ. ಆ ಮಂಡಿ ಮತ್ತೆ ಸರಿಯಾಗಲಿಲ್ಲ. ನಾನು ಚೆಂಡಿಗೆ ಹೊಡೆದದ್ದು ಅದೇ ಕೊನೆ, ಅದಕ್ಕೆ ನನಗೆ ಬೇಸರವೂ ಇಲ್ಲ. ಪಂದ್ಯ ಶುರುವಾಗುವ ಮೊದಲು ಹಬ್ಬುವಾಡದವರು ತಕರಾರು ತೆಗೆದರು, ರೆಫರಿ ಹೋಗಿ ಹಲಗೆಯ ಮೇಲಿನ ಆ ಒಂದನ್ನು ಅಂಗೈಯಿಂದ ಒರೆಸಿದ. ಒರೆಸಿಕೊಳ್ಳಲಿ. ಇಡೀ ಊರು ಅದನ್ನು ನೋಡಿ ಆಗಿತ್ತು.